ಲೀಡರ್ ಮಾವನ ಮಾನಪತ್ರ

ಹೋದ ಭಾನುವಾರ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಂದು ಸನ್ಮಾನ ನಡೆಯಿತು. ಗಂಜ್ ಅಂದರೆ ನಮ್ಮೂರಿನ ಎಪಿಎಂಸಿ. ಆಟೊದವರಿಗೆ ಎಪಿಎಂಸಿ ಅಂದರೆ ಒಂದು ಕ್ಷಣ ಯೋಚನೆ ಮಾಡುತ್ತಾರೆ, ಗಂಜ್ ಅಂದರೆ ಸೀದಾ ಗೇಟಿನ ಮುಂದೆ ಇಳಿಸುತ್ತಾರೆ. ಸನ್ಮಾನ ಆದದ್ದು ಹಮಾಲರ ಸಂಘದ ಹಳೇ ಅಧ್ಯಕ್ಷರಿಗೆ. ಎಲ್ಲರಿಗೂ ಅವರು ಲೀಡರ್. ನನಗೆ ಲೀಡರ್ ಮಾವ. ಹೆಸರು ಹಾಕಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ.

"ಹೆಸರು ಹಾಕಿದಿ ಅಂದ್ರ ಮತ್ತ ಯಾರರ ಶಾಲು ಹಿಡ್ಕೊಂಡು ಮನಿಗೆ ಬರ್ತಾರ. ಇಡಾಕ ಜಾಗ ಇಲ್ಲವ್ವಾ."

ಮಾನಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಸಿಂಧನೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳುವವಳು. ಇಂಥದ್ದಕ್ಕೆ ಕನ್ನಡ ಮೇಷ್ಟ್ರು ಯಾರಾದರೂ ಆಗಬೇಕು ಅಂದೆ. ಸಂಘದ ಹುಡುಗರು ಕೇಳಲಿಲ್ಲ. "ಅಕ್ಕಾ, ಸಂಘದ ಬುಕ್ಕು ಬರದಾಕಿ ನೀನು. ಇದನ್ನೂ ನೀನ ಬರಿ" ಅಂದರು.

ತೀನ್ ಕಂದೀಲ್ ಹತ್ತಿರ ಒಂದು ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ "ಮೇಡಂ, ನಮ್ ಹತ್ರ ರೆಡಿ ಐತ್ರಿ" ಅಂತ ಒಂದು ಫೈಲು ತೆಗೆದ. ಯಾರೋ ರಿಟೈರ್ ಆದ ಸಾಹೇಬರದ್ದು. ಹೆಸರು ಬದಲಾಯಿಸಿದರೆ ಮುಗೀತು. ಶಿಕ್ಷಣ ಪ್ರೇಮಿಗಳೇ, ಕೊಡುಗೈ ದಾನಿಗಳೇ, ಸಮಾಜದ ಕಣ್ಮಣಿಗಳೇ. ನಾನು ಅಲ್ಲಿಂದಲೇ ಫೋನ್ ಹಚ್ಚಿ ಮಾವನಿಗೆ ಓದಿ ಹೇಳಿದೆ. ಸುಮ್ಮನೆ ನಗಿಸೋಣ ಅಂತ. ಅವರು ನಗಲಿಲ್ಲ.

"ದಾನಿ ಅಂತ ಯಾಕ ಬರದಾರ? ನಾ ಯಾರಿಗೂ ನನ್ನ ರೊಕ್ಕ ಕೊಟ್ಟಿಲ್ಲ. ಅವರವರ ರೊಕ್ಕ ಅವರವರಿಗೆ ಕೊಡಿಸೀನಿ."

ಆ ಮಾತನ್ನೇ ಮಾನಪತ್ರದ ಮೊದಲ ಸಾಲು ಮಾಡಬೇಕು ಅಂತಿದ್ದೆ. ಕಮಿಟಿಯವರು ಒಪ್ಪಲಿಲ್ಲ. ಮಾನಪತ್ರ ಅಂದಮೇಲೆ "ಮಾನ್ಯರೇ" ಅಂತಲೇ ಶುರು ಆಗಬೇಕಂತೆ. ಒಂದೇ ಪುಟ, ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೇಲೆ ಫೋಟೊ. ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮಾವನ ಊರು ಮುದಗಲ್ ಕಡೆ. 1972ರ ಬರಗಾಲದಲ್ಲಿ ಊರು ಬಿಟ್ಟು ಚಿಕ್ಕಪ್ಪನ ಬೆನ್ನು ಹತ್ತಿ ರಾಯಚೂರಿಗೆ ಬಂದರು. ಆಗ ಹದಿನೈದು ವರ್ಷ ಇರಬಹುದು ಅಂತಾರೆ. ಮೊದಲು ಚೀಲದ ಬಾಯಿ ಹೊಲಿಯುವ ಕೆಲಸ. ದಬ್ಬಣ, ಸುತಳಿ, ದಿನಪೂರ್ತಿ ಬಗ್ಗಿ ಕೂರುವುದು. ಎರಡು ವರ್ಷಕ್ಕೆ ಬೆನ್ನು ಗಟ್ಟಿಯಾಯಿತು ಅಂತ ಚೀಲದ ಕೆಳಗೆ ನಿಲ್ಲಿಸಿದರು. ಊರಿನ ನಂಟು ಮಾತ್ರ ಬಿಡಲಿಲ್ಲ. ಮೊಹರಂ ಬಂತು ಅಂದರೆ ಮುದಗಲ್ಲಿಗೆ ಹೊರಟರು ಅಂತಲೇ. ಅಲಾಯಿ ಕುಣಿತ ಮುಗಿಯುವ ತನಕ ಗಂಜ್‌ಗೆ ಬೆಂಕಿ ಬಿದ್ದರೂ ಅವರು ಬರುವುದಿಲ್ಲ. ಒಂದು ಸಲ ದೊಡ್ಡ ಮಾತುಕತೆಯ ತಾರೀಖು ಮೊಹರಂ ದಿನವೇ ಬಿದ್ದಿತ್ತು. ವ್ಯಾಪಾರಿಗಳೇ ತಾರೀಖು ಮುಂದಕ್ಕೆ ಹಾಕಿದರು.

ಆಗ ಚೀಲ ಅಂದರೆ ಕ್ವಿಂಟಲ್. ನೂರು ಕೆಜಿ. ಇಬ್ಬರು ಎರಡು ಕಡೆ ಹುಕ್ಕು ಹಾಕಿ ಎತ್ತುತ್ತಾರೆ. ಹೊರುವವನು ಅದರ ಕೆಳಗೆ ಬೆನ್ನು ಕೊಡಬೇಕು. ತಲೆ ಮೇಲೆ ಗೋಣಿಯ ಕೊಪ್ಪೆ. ಚೀಲ ಕತ್ತಿನ ಬುಡದಿಂದ ಅಡ್ಡ ಕೂರುತ್ತೆ. ಕೂತಮೇಲೆ ನಿಲ್ಲುವ ಹಾಗಿಲ್ಲ. ಮೊಣಕಾಲು ಸ್ವಲ್ಪ ಮಡಿಚಿ ಸಣ್ಣ ಸಣ್ಣ ಹೆಜ್ಜೆ, ಆದರೆ ಜೋರಾಗಿ. ಚಿಕ್ಕವಳಿದ್ದಾಗ ಅಪ್ಪ ಯಾಕೆ ಹೀಗೆ ಓಡುತ್ತಾರೆ ಅಂತ ನನಗೆ ತಿಳಿಯುತ್ತಿರಲಿಲ್ಲ. ನಿಧಾನ ಹೋದರೆ ಭಾರ ಜಾಸ್ತಿ ಹೊತ್ತು ಬೆನ್ನ ಮೇಲಿರುತ್ತೆ, ಅಷ್ಟೆ. ಲಾರಿಗೆ ಏರಿಸುವಾಗ ಹಲಗೆ ಇರುತ್ತೆ. ಅದು ಕುಣಿಯುತ್ತೆ. ಅದು ಮೇಲೆ ಬರುವಾಗ ಕಾಲು ಎತ್ತಬೇಕು, ಕೆಳಗೆ ಹೋಗುವಾಗ ಊರಬೇಕು. ಹೊಸ ಹುಡುಗರಿಗೆ ಮಾವ ಮೊದಲು ಖಾಲಿ ಹಲಗೆ ಮೇಲೆ ನಡೆಯುವುದನ್ನು ಕಲಿಸುತ್ತಿದ್ದರು.

ಅಪ್ಪ ಬಿದ್ದದ್ದು ಆ ಹಲಗೆಯಿಂದಲೇ. 1994ರ ಡಿಸೆಂಬರ್, ಭತ್ತದ ಸೀಜನ್. ಮಂಜಿಗೆ ಹಲಗೆ ಒದ್ದೆ ಆಗಿತ್ತಂತೆ. ಅಪ್ಪ ಕೆಳಗೆ, ಚೀಲ ಮೇಲೆ. ಸೊಂಟದ ಮೂಳೆ ಹೋಯಿತು. ಆ ಅಡತಿ ಅಂಗಡಿಯವರು, ಅಂದರೆ ರೈತರ ಮಾಲು ಮಾರಿಸುವ ದಲ್ಲಾಳಿಗಳು, ಐದುನೂರು ರೂಪಾಯಿ ಕಳಿಸಿ, "ಆತ ನಮ್ಮ ಆಳಲ್ಲ" ಅಂದರು. ಅವರ ಮಾತಿನಲ್ಲಿ ಸುಳ್ಳು ಇರಲಿಲ್ಲ, ಅದೇ ಸಿಟ್ಟು ತರಿಸುವ ವಿಷಯ. ಹಮಾಲನ ಕೂಲಿ ರೈತನ ಪಟ್ಟಿಯಲ್ಲಿ ಮುರಿಯುತ್ತಾರೆ. ಹೊರುವುದು ವ್ಯಾಪಾರಿಯ ಮಾಲು. ಹೊರು ಅಂತ ಹೇಳುವವನು ಅಡತಿ ಗುಮಾಸ್ತ. ಬಿದ್ದರೆ ಮೂವರಲ್ಲಿ ಯಾರ ಆಳೂ ಅಲ್ಲ.

ಮಾವ ಆಗ ಅಧ್ಯಕ್ಷರಾಗಿ ಮೂರು ನಾಲ್ಕು ವರ್ಷ ಆಗಿತ್ತು. ಅಂಗಡಿಯ ಮುಂದೆ ಕೂಗಾಡಲಿಲ್ಲ ಅಂತ ಅಮ್ಮನಿಗೆ ಇವತ್ತಿಗೂ ಸ್ವಲ್ಪ ಬೇಜಾರಿದೆ. ಅವರು ಮಾಡಿದ್ದು ಬೇರೆ. ಗಂಜ್‌ನ ಒಂದೊಂದು ಗುಂಪಿಗೂ ಹೋಗಿ, ದಿನಕ್ಕೆ ಒಂದು ಚೀಲದ ಕೂಲಿ ನಮ್ಮ ಮನೆಗೆ ಅಂತ ಗೊತ್ತು ಮಾಡಿದರು. ಗುಂಪಿಗೆ ಒಂದು ಚೀಲ. ಯಾರಿಗೂ ಭಾರ ಅನಿಸದಷ್ಟು. ಶನಿವಾರ ಸಂಜೆ ಆ ದುಡ್ಡು ಬರುತ್ತಿತ್ತು. ಏಳು ತಿಂಗಳು ಬಂತು. ಒಂದು ಶನಿವಾರವೂ ತಪ್ಪಲಿಲ್ಲ. ಆ ಅಂಗಡಿಯ ಮಾಲನ್ನು ಮಾತ್ರ ಆ ಏಳು ತಿಂಗಳು ಎಲ್ಲರೂ ಕೊನೆಗೆ ಇಳಿಸಿದರು. ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲವಂತೆ. ನಾನು ನಂಬುವುದಿಲ್ಲ.

ಅಪ್ಪ ಮತ್ತೆ ಚೀಲ ಹೊರಲಿಲ್ಲ. ಗೇಟಿನ ಹತ್ತಿರ ಚಹಾದ ಡಬ್ಬಿ ಅಂಗಡಿ ಇಟ್ಟರು. ಬೆಳಿಗ್ಗೆ ಒಗ್ಗರಣೆ ಮಿರ್ಚಿ, ದಿನವೆಲ್ಲ ಚಹಾ. ನಾನು ಏಳನೇ ಕ್ಲಾಸಿನಲ್ಲಿದ್ದೆ. ಸ್ಕೂಲು ಬಿಟ್ಟು ಅಲ್ಲೇ ಬಂದು ಕೂತು ಹೋಂವರ್ಕ್ ಮಾಡುತ್ತಿದ್ದೆ. ಒಂದು ದಿನ ಮಾವ ಬಂದು ನನ್ನ ನೋಟ್‌ಬುಕ್ ನೋಡಿದರು. ಅವರಿಗೆ ಓದೋಕೆ ಬರಲ್ಲ. ಸಹಿ ಮಾತ್ರ ಬರುತ್ತೆ, ಅದೂ ಚಿತ್ರ ಬರೆದ ಹಾಗೆ. "ಇರುವಿ ಸಾಲಿನಂಗ ಅದಾವ ನಿನ್ನ ಅಕ್ಷರ" ಅಂದರು. ಮರುದಿನ ಸಂಘದ ಕಿರ್ದಿ ಬುಕ್ಕು ತಂದು ಎದುರಿಗೆ ಇಟ್ಟರು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಮೊದಲು ಬರೆಯುತ್ತಿದ್ದವನು ಒಂದು ಅಂಗಡಿಯ ಗುಮಾಸ್ತ. ಅವನನ್ನು ಮಾವ ನಂಬುತ್ತಿರಲಿಲ್ಲ.

ನಾನು ಲೆಕ್ಕ ಕಲಿತದ್ದು ಆ ಪುಸ್ತಕದಲ್ಲಿ. ಸ್ಕೂಲಿನಲ್ಲಿ ಬಡ್ಡಿ ಲೆಕ್ಕದ ರಾಮ, ಸೋಮ ಇರುತ್ತಾರಲ್ಲ, ನನಗೆ ನಿಜವಾದ ಹೆಸರುಗಳೇ ಇದ್ದವು. ಯಾರದೋ ಮಣ್ಣಿಗೆ ಇನ್ನೂರು. ಯಾರದೋ ಹೆಂಡತಿಯ ಹೆರಿಗೆಗೆ ರಾತ್ರಿ ಆಟೊ. ಒಬ್ಬನ ಮಗನ ಪರೀಕ್ಷೆ ಫೀಸು. ಕಳೆದುಹೋದ ಹುಕ್ಕಿನ ದುಡ್ಡು. ಮದುವೆಯ ಮುಯ್ಯಿಗೆ ಒಂದು ಸ್ಟೀಲ್ ಕೊಡ. ಬರೆಯುವಾಗ ಮಾವ ಪಕ್ಕದಲ್ಲೇ ಕೂರುತ್ತಿದ್ದರು, ಕಣ್ಣು ಮುಚ್ಚಿಕೊಂಡು. ನಾನು ಕೂಡಿ ಹೇಳಿದ ಮೇಲೆ ಸರಿ ಅಥವಾ ತಪ್ಪು ಅನ್ನುತ್ತಿದ್ದರು. ಒಂದು ಸಲ ಮೂವತ್ತು ರೂಪಾಯಿ ಕಮ್ಮಿ ಬಂತು. ನಾನು ಮೂರು ಸಲ ಕೂಡಿದೆ. ಅಷ್ಟೇ ಬಂತು. "ಮಂಗಳವಾರ ಗೂಡ್ಸ್ ಶೆಡ್ಡಿನ ಗುಂಪು ಕೊಟ್ಟದ್ದು ಎಲ್ಲಿ ಬರದಿ?" ಅಂದರು. ಬರೆದೇ ಇರಲಿಲ್ಲ. ಅವರ ತಲೆಯೊಳಗೆ ಗುಂಪುಗಳು ಸಾಲಾಗಿ ನಿಂತಿದ್ದವು, ಚೀಲದ ನಿಟ್ಟಿನ ಹಾಗೆ. ಒಂದು ಕಾಣಲಿಲ್ಲ ಅಂದರೆ ಅವರಿಗೆ ಗೊತ್ತಾಗುತ್ತಿತ್ತು.

ಈಗ ನನ್ನ ಕ್ಲಾಸಿನಲ್ಲಿ ಮಕ್ಕಳು ಕ್ಯಾಲ್ಕುಲೇಟರ್ ಕೇಳಿದಾಗ ನನಗೆ ನಗು ಬರುತ್ತೆ. ಇರಲಿ.

ಮಾನಪತ್ರದಲ್ಲಿ "ಭಾರ ಇಳಿಸಿದ ನಾಯಕ" ಅಂತ ಒಂದು ಸಾಲು ಇದೆ. ಕಮಿಟಿಯವರದ್ದು, ನನ್ನದಲ್ಲ. ಆದರೆ ವಿಷಯ ದೊಡ್ಡದು, ಸ್ವಲ್ಪ ಬಿಡಿಸಿ ಹೇಳಬೇಕು. 1967ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಭಾರ ಹೊರುವವರ ಬಗ್ಗೆ ಒಂದು ಒಪ್ಪಂದ ಮಾಡಿತು. ಜೊತೆಗೆ ಒಂದು ಶಿಫಾರಸು. ಗಂಡಸು ಹೊರುವ ಭಾರ 55 ಕೆಜಿಗಿಂತ ಜಾಸ್ತಿ ಇದ್ದರೆ ಅದನ್ನು ಕಡಿಮೆ ಮಾಡಬೇಕು ಅಂತ. ಭಾರತ ಆ ಒಪ್ಪಂದವನ್ನು ಒಪ್ಪಿದ್ದು 2010ರಲ್ಲಿ. ಅಂದರೆ 43 ವರ್ಷ ಬೇಕಾಯಿತು. ಪಕ್ಕದ ಮಹಾರಾಷ್ಟ್ರದಲ್ಲಿ 1969ರಲ್ಲೇ ಹಮಾಲರಿಗಾಗಿ ಮಾಥಾಡಿ ಕಾಯ್ದೆ ಬಂದಿತ್ತು. ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲ್ ಪಂಚಾಯತ್ ಕಟ್ಟಿದ್ದರು. ಇದೆಲ್ಲ ಮಾವನಿಗೆ ಹೇಗೆ ಗೊತ್ತಾಯಿತು ಅಂದರೆ ಲಾರಿ ಡ್ರೈವರ್‌ಗಳಿಂದ. ಪುಣೆ, ಸೊಲ್ಲಾಪುರದ ಕಡೆ ಮಾಲು ಒಯ್ಯುವವರು ಅಲ್ಲಿಯ ಹಮಾಲರ ಸುದ್ದಿ ತರುತ್ತಿದ್ದರು. ಅಲ್ಲಿ ಹಮಾಲರಿಗೆ ಪಿಎಫ್ ಅಂತೆ, ಬೋನಸ್ ಅಂತೆ. ಮಾವ ಅವರಿಗೆ ಅಪ್ಪನ ಅಂಗಡಿಯಲ್ಲಿ ಚಹಾ ಕುಡಿಸಿ ಕುಡಿಸಿ ಕೇಳುತ್ತಿದ್ದರು. ಆ ಚಹಾದ ಉದ್ರಿ ಬೇರೆ ಪುಟದಲ್ಲಿ ಇತ್ತು.

"55" ಅನ್ನೋ ಅಂಕಿಯನ್ನು ಒಂದು ಚೀಟಿಯಲ್ಲಿ ನನ್ನ ಕೈಯಿಂದ ಬರೆಸಿಕೊಂಡು ಜೇಬಿನಲ್ಲಿ ಇಟ್ಟಿದ್ದರು. ಓದೋಕೆ ಬರದವರು ಚೀಟಿ ತೋರಿಸಿ ಮಾತಾಡುವುದು ನೋಡಬೇಕಿತ್ತು. ವ್ಯಾಪಾರಿಗಳ ವಾದ ಒಂದೇ. ಚೀಲ ಅರ್ಧ ಆದರೆ ಕೂಲಿಯೂ ಅರ್ಧ. ಮಾವನ ಲೆಕ್ಕ ಬೇರೆ. "ಚೀಲ ಅರ್ಧ ಆದ್ರ ಹೆಜ್ಜಿ ಡಬಲ್ ಆಗ್ತಾವ. ಹೊಲಿಗಿ ಡಬಲ್, ಹುಕ್ಕು ಹಾಕೋದು ಡಬಲ್. ನೀವು ಭಾರಕ್ಕ ರೊಕ್ಕ ಕೊಡ್ತೀರೋ, ಕಾಲಿಗೆ ಕೊಡ್ತೀರೋ?" ಒಂಬತ್ತು ದಿನ ಕೆಲಸ ನಿಂತಿತು. ಹತ್ತಿಯ ಅಂಡಿಗೆ ಗಾಡಿಯಲ್ಲೇ ಉಳಿದವು. ರೈತರು ಬೈದರು. ಅವರ ಸಿಟ್ಟೂ ನ್ಯಾಯವೇ, ಮೋಡ ಬೇರೆ ಆಗಿತ್ತು. ಆ ರಾತ್ರಿಗಳಲ್ಲಿ ಮಳೆ ಬಂದರೆ ಅಂತ ಮಾವ ಹತ್ತು ಜನರನ್ನು ತಾಡಪಾಲು ಹಿಡಿದು ಯಾರ್ಡ್‌ನಲ್ಲೇ ಮಲಗಿಸಿದರು. ಕೆಲಸ ಬಂದ್ ಮಾಡಿದವರೇ ಮಾಲು ಕಾದರು. ಕೊನೆಗೆ ಅರ್ಧಕ್ಕಿಂತ ಜಾಸ್ತಿ, ಪೂರ್ತಿಗಿಂತ ಕಮ್ಮಿ ಅನ್ನೋ ರೇಟಿಗೆ ರಾಜಿ ಆಯಿತು.

ಇಷ್ಟಾದರೂ ಕೆಲಸ ಪೂರ್ತಿ ಆಗಿಲ್ಲ. ಅಕ್ಕಿ, ಬೇಳೆ 50 ಕೆಜಿಗೆ ಬಂದಿದೆ. ಭತ್ತದ ರೇಟು ಇವತ್ತಿಗೂ ನಮ್ಮ ಕಡೆ 75 ಕೆಜಿ ಚೀಲದ ಲೆಕ್ಕದಲ್ಲೇ ಹೇಳುತ್ತಾರೆ. ಸಿಂಧನೂರು, ಮಾನ್ವಿ, ಗಂಗಾವತಿ ಎಲ್ಲ ಕಡೆ. ಬೇಕಾದರೆ ಪೇಪರಿನಲ್ಲಿ ನೋಡಿ. ಆ 75ರ ಹಿಂದೆ ಒಬ್ಬನ ಬೆನ್ನು ಇದೆ. ಮಾವ ಅದನ್ನು ವೇದಿಕೆಯ ಮೇಲೂ ಹೇಳಿದರು, ಶಾಲು ಹೊದ್ದುಕೊಂಡೇ.

ಈಗ ಮಾನಪತ್ರದಲ್ಲಿ ಬರೆಯಲು ಆಗದೇ ಇದ್ದ ವಿಷಯ. ಮಾವನಿಗೆ ಹೇಳಿಯೇ ಬರೆಯುತ್ತಿದ್ದೇನೆ.

ನಮ್ಮ ಅಮ್ಮ ಗಂಜ್‌ನಲ್ಲಿ ಕಾಳು ಬಳಿಯುವ ಕೆಲಸ ಮಾಡುತ್ತಿದ್ದಳು. ಚೀಲ ಬಿಚ್ಚಿದಾಗ, ತೂಗಿದಾಗ ಕೆಳಗೆ ಕಾಳು ಬೀಳುತ್ತೆ. ಅದನ್ನು ಬಳಿದು, ಮೊರದಲ್ಲಿ ಕೇರಿ, ಮಣ್ಣು ಕಲ್ಲು ತೆಗೆದು ರಾಶಿಗೆ ಹಾಕಬೇಕು. ತೊಗರಿ, ಶೇಂಗಾ, ಜೋಳ ಏನು ಬಂದರೂ. ಕೂಲಿ ಅಂತ ಗಟ್ಟಿ ಇರಲಿಲ್ಲ. ಕೆಲವು ಅಂಗಡಿಯವರು ದುಡ್ಡು ಕೊಡುವರು, ಕೆಲವರು ಮಣ್ಣು ಕಲೆತ ಕೊನೆಯ ಕಾಳನ್ನೇ ಕೂಲಿ ಅನ್ನುವರು. ಇಂಥ ಹೆಂಗಸರು ಆಗ ಇಪ್ಪತ್ತು ಮೂವತ್ತು ಜನ ಇದ್ದರು. ಧೂಳಿಗೆ ಎಲ್ಲರಿಗೂ ಕೆಮ್ಮು.

ಸಂಘದಲ್ಲಿ ಇವರು ಇರಲಿಲ್ಲ, ಮೆಂಬರ್ ರಸೀದಿ ಇವರಿಗೆ ಹರಿಯುತ್ತಿರಲಿಲ್ಲ. ಸಂಘದ ಕೋಣೆಯ ಗೋಡೆ ಮೇಲೆ "ನಾವೆಲ್ಲ ಅಣ್ಣತಮ್ಮಂದಿರು" ಅಂತ ಬಣ್ಣದಲ್ಲಿ ಬರೆಸಿದ್ದರು. ಅದು ನಿಜವೂ ಆಗಿತ್ತು. ಮಾದಿಗರು, ಕುರುಬರು, ನಾಯಕರು, ಮುಸ್ಲಿಮರು ಒಂದೇ ಕೊಡದ ನೀರು ಕುಡಿಯುವಂತೆ ಮಾಡಿದ್ದು ಮಾವ. ಅದಕ್ಕಾಗಿ ಮೊದಮೊದಲು ಏಟೂ ತಿಂದಿದ್ದಾರೆ. ಆದರೆ ಅಕ್ಕತಂಗಿಯರ ಮಾತು ಬಂದಾಗ ಅವರು ಬೇರೆ ಮನುಷ್ಯ. "ಚೀಲ ಹೊರಾಂಗಿಲ್ಲ, ಹಮಾಲಿ ಹೆಂಗ ಆಗ್ತೀರಿ? ಬೇಕಾದ್ರ ಬ್ಯಾರೆ ಸಂಘ ಮಾಡ್ಕೊಳ್ರಿ" ಅಂದರು. ಅಮ್ಮ ಕೇಳಿದ್ದು ಒಂದು ಸಲ ಅಲ್ಲ. ಅಪ್ಪನಿಗೋ ಮಾವನ ಋಣ, ಬಾಯಿ ಬಿಡಲಿಲ್ಲ. ನಾನು ಸಂಘದ ಬುಕ್ಕು ಬರೆಯುತ್ತಿದ್ದೆ, ಅಮ್ಮನ ಹೆಸರು ಅದರಲ್ಲಿ ಇರಲಿಲ್ಲ. ಕಾಲೇಜಿಗೆ ಬಂದಮೇಲೆ ಇದು ನನಗೂ ಚುಚ್ಚತೊಡಗಿತು. ಒಂದು ವರ್ಷ ಬುಕ್ಕು ಮುಟ್ಟಲಿಲ್ಲ. ಓದು ಜಾಸ್ತಿ ಇದೆ ಅಂತ ನೆಪ ಹೇಳಿದೆ. ಮಾವನಿಗೆ ತಿಳಿಯದೇ ಇರುತ್ತಾ?

ಆಮೇಲೆ 2009 ಬಂತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ರಾಯಚೂರಿನವರಿಗೆ ಅದನ್ನು ವಿವರಿಸುವುದು ಬೇಡ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ಎರಡೂ ಒಟ್ಟಿಗೆ ಉಕ್ಕಿದವು. ಮಂತ್ರಾಲಯದ ಮಠದೊಳಗೇ ನೀರು ನುಗ್ಗಿತ್ತು. ಹೊಳೆ ದಂಡೆಯ ಊರುಗಳು ಮುಳುಗಿದವು. ಎಲ್ಲೆಲ್ಲಿಂದಲೋ ಅಕ್ಕಿ, ಬಟ್ಟೆ, ಕಂಬಳಿ ಹೊತ್ತ ಲಾರಿಗಳು ಬಂದವು. ಮಾವ ಮೊದಲನೇ ರಾತ್ರಿಯೇ ಹೇಳಿದರು, ಈ ಮಾಲಿಗೆ ಹಮಾಲಿ ಕೂಲಿ ಇಲ್ಲ. ಹಗಲು ಗಂಜ್ ಕೆಲಸ, ರಾತ್ರಿ ಇದು. ಎಂಟು ಹತ್ತು ದಿನ ಹುಡುಗರು ನಿದ್ದೆ ಮಾಡಲಿಲ್ಲ.

ಊಟ? ಅದಕ್ಕೆ ಹೆಂಗಸರು ಬೇಕಾಯಿತು. ಮಾವ ಅಮ್ಮನ ಹತ್ತಿರ ಬಂದು ರೊಟ್ಟಿ ಕೇಳಿದರು, ಮುಳುಗಿದ ಊರಿನವರಿಗೆ ಕಳಿಸಲು. ಖಡಕ್ ರೊಟ್ಟಿ ಆದರೆ ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ. ಅಮ್ಮ ಮತ್ತು ಉಳಿದವರು ಓಣಿ ಓಣಿ ತಿರುಗಿದರು. ಮನೆಗೆ ಹತ್ತು ರೊಟ್ಟಿ, ಒಂದು ಹಿಡಿ ಶೇಂಗಾ ಚಟ್ನಿ. ಸಂಘದ ಕೋಣೆಯಲ್ಲೇ ಪಂಚೆ ಹಾಸಿ ರೊಟ್ಟಿ ಒಟ್ಟಿದರು. ಆ ಅಣ್ಣತಮ್ಮಂದಿರ ಗೋಡೆಯ ಕೆಳಗೆ. ಅಮ್ಮ ಎಣಿಸುತ್ತಿದ್ದಳು. ಗಂಜ್‌ನ ರೂಢಿಯಂತೆ ಒಂದು ಅನ್ನದೆ "ಲಾಭ" ಅಂತಲೇ ಶುರು. ಲಾಭ, ಎರಡು, ಮೂರು. ನೂರು ಆದಾಗ ಒಂದು ಕಟ್ಟು. ಕೊನೆಯ ಲಾರಿ ಹೋದಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎಲ್ಲರ ಮುಂದೆ ಕೇಳಿದಳು.

"ಅಣ್ಣಾ, ರೊಟ್ಟಿಗೆ ನಾವು ಬೇಕು, ರಸೀದಿಗೆ ಬ್ಯಾಡೇನು?"

ಮಾವ ಏನೂ ಅನ್ನಲಿಲ್ಲ. ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಇದರ ಮುಂದಿನ ಸೀನ್‌ನಲ್ಲಿ ಅವರು ಬಂದು ತಪ್ಪಾಯಿತು ಅಂದರು ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಹಾಗಾಗಲಿಲ್ಲ. ಏಳು ತಿಂಗಳು ಸುಮ್ಮನೇ ಇದ್ದರು. 2010ರ ಮೇ 1ಕ್ಕೆ ಬಾವುಟ ಹಾರಿಸಿದ ಮೇಲೆ ನನ್ನನ್ನು ಕರೆದರು. ಹೊಸ ಮೆಂಬರ್ ಬುಕ್ಕು ಕೈಯಲ್ಲಿತ್ತು. ಅದನ್ನು ತಿರುವಿ, ಕೊನೆಯ ಪುಟ ತೆಗೆದು, "ಈ ಕಡಿಯಿಂದ ಬರಿ" ಅಂದರು. ಮುಂದಿನಿಂದ ಗಂಡಸರು, ಹಿಂದಿನಿಂದ ಹೆಂಗಸರು. ನನಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಮ್ಮ ಮಾತ್ರ, "ಬರಿ ಮೊದಲ, ಪುಟದ ಜಗಳ ಆಮ್ಯಾಲೆ" ಅಂದಳು. ಮೊದಲ ಹೆಸರು ಅಮ್ಮನದೇ. ನಾನು ಬರೆದು ಮುಗಿಸುತ್ತಿದ್ದಂತೆ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಾವ ಮೆಲ್ಲಗೆ "ಲಾಭ" ಅಂದರು. ಎರಡನೇ ಹೆಸರಿಗೆ "ಎರಡು". ಆ ದಿನ ಇಪ್ಪತ್ಮೂರಕ್ಕೆ ನಿಂತಿತು.

ಮುಂದೆ ಸರ್ಕಾರ ಹಮಾಲರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತದ ಸ್ಮಾರ್ಟ್ ಕಾರ್ಡ್ ಕೊಟ್ಟಾಗ ಈ ಪುಟಗಳು ಕೆಲಸಕ್ಕೆ ಬಂದವು. ಆ ಯೋಜನೆಯಲ್ಲಿ 11 ಬಗೆಯ ಕೆಲಸದವರು ಇದ್ದರು. ಹಮಾಲರು, ಟೈಲರ್, ಮೆಕ್ಯಾನಿಕ್, ಅಗಸರು, ಕುಂಬಾರರು ಹೀಗೆ. ಕಾಳು ಬಳಿಯುವವರು ಅಂತ ಅದರಲ್ಲಿ ಎಲ್ಲಿದೆ? ಮಾವ ಎಲ್ಲರನ್ನೂ ಹಮಾಲರು ಅಂತಲೇ ಬರೆಸಿದರು. ಕಚೇರಿಯಲ್ಲಿ ಒಬ್ಬರು "ಇವರು ಚೀಲ ಹೊರ್ತಾರಾ?" ಅಂತ ಕೇಳಿದ್ದಕ್ಕೆ, "ನಮ್ಮ ಸಂಘದ ಬುಕ್ಕಿನ್ಯಾಗ ಅದಾರ" ಅಂದರಂತೆ. ಅಷ್ಟೇ ಉತ್ತರ. ಹಿಂದೊಮ್ಮೆ ಅಮ್ಮನಿಗೆ ಅವರೇ ಕೇಳಿದ್ದ ಪ್ರಶ್ನೆ ಅದು.

ಲಾಕ್‌ಡೌನ್ ಬಗ್ಗೆ ಜಾಸ್ತಿ ಬರೆಯಲ್ಲ. ಎಲ್ಲರ ಕಥೆಯೂ ಒಂದೇ. ಒಂದು ಮಾತ್ರ ಹೇಳಬೇಕು. ರೇಷನ್ ಕಿಟ್ ಹಂಚಲು ಮೆಂಬರ್ ಬುಕ್ಕು ತೆಗೆದಾಗ ಅದು ತುಂಬಿಹೋಗಿತ್ತು. ಮುಂದಿನಿಂದ ಬಂದ ಗಂಡಸರ ಹೆಸರು, ಹಿಂದಿನಿಂದ ಬಂದ ಹೆಂಗಸರ ಹೆಸರು ನಡುವಿನ ಒಂದು ಹಾಳೆಯಲ್ಲಿ ಎದುರು ಬದುರು ಬಂದು ನಿಂತಿದ್ದವು. ಒಂದು ಬದಿ ತಲೆಕೆಳಗು. ಹೊಸ ಬುಕ್ಕು ಹೇಗೆ ಬರೆಯಲಿ ಅಂತ ಕೇಳಿದೆ. "ಸಾಲಾಗಿ ಬರಿ" ಅಂದರು. ಯಾವ ಸಾಲು ಅಂತ ನಾನು ಕೇಳಲಿಲ್ಲ. ಅಕ್ಷರಮಾಲೆ ಪ್ರಕಾರ ಬರೆದೆ. ಮಾವ ಕೆಲವು ದಿನ ಯಾರ ಹೆಸರು ಎಲ್ಲಿದೆ ಅಂತ ಸಿಗದೆ ಒದ್ದಾಡಿದರು.

2021ರಲ್ಲಿ ಇ-ಶ್ರಮ್ ಬಂತು, ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ಪೋರ್ಟಲ್. ಸಂಘದ ಕೋಣೆಯಲ್ಲಿ ಎರಡು ದಿನ ಕೂತು ಎಲ್ಲರದ್ದೂ ಮಾಡಿಸಿದರು. ಆಧಾರ್ ಮರೆತವರನ್ನು ಸೈಕಲ್ ಮೇಲೆ ಮನೆಗೆ ಓಡಿಸಿದರು. ಕೊನೆಗೆ ತಮ್ಮ ಸರದಿ. ಅದಕ್ಕೆ ವಯಸ್ಸು 16ರಿಂದ 59. ಅವರಿಗೆ ದಾಟಿ ಹೋಗಿತ್ತು. ಕಂಪ್ಯೂಟರ್ ಹುಡುಗ ಎರಡು ಸಲ ಒತ್ತಿ ನೋಡಿದ. "ಬಿಡಪ್ಪ, ಮಷಿನ್ನಿಗೆ ಗೊತ್ತೈತಿ ನಾ ಮುದುಕ ಅಂತ" ಅಂದು ಎದ್ದರು.

ಅದರ ಮುಂಚಿನ ವರ್ಷ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ಬಂದು ಮಾಲನ್ನು ಯಾರ್ಡ್ ಹೊರಗೂ ಮಾರಬಹುದು ಅಂತ ಆಗಿತ್ತು. ಒಳಗೆ ಗಾಡಿ ಕಮ್ಮಿ ಆದವು. ಹುಡುಗರು ಬೆಂಗಳೂರಿಗೆ ಹೋದರು, ಕಟ್ಟಡದ ಕೆಲಸಕ್ಕೆ. ಬೆಳಿಗ್ಗೆ ಆರಕ್ಕೆ ಕಾಲಿಡಲು ಜಾಗ ಇರದಿದ್ದ ಕಡೆ ಈಗ ನಾಯಿ ಮಲಗಿರುತ್ತವೆ, ಹತ್ತಿ ಸೀಜನ್ ಬಿಟ್ಟರೆ. ಮಾವ ಈಗಲೂ ಬರುತ್ತಾರೆ. ಮೊಣಕಾಲು ಎರಡೂ ಹೋಗಿವೆ. ಅಪ್ಪ ತೀರಿಕೊಂಡ ಮೇಲೆ ಚಹಾ ಅಂಗಡಿಯನ್ನು ಅಮ್ಮ ನೋಡುತ್ತಾಳೆ. ಅದರ ಮುಂದಿನ ಬೆಂಚೇ ಅವರ ಆಫೀಸು.

ಸನ್ಮಾನ ಹರಾಜು ಕಟ್ಟೆಯ ಮೇಲೆ ಆಯಿತು. ರಂಗಮಂದಿರ ಹಿಡಿಯೋಣ ಅಂದವರಿಗೆ ಬಾಡಿಗೆ ಎಷ್ಟು ಅಂತ ಕೇಳಿ ಬೇಡ ಅಂದರು. ಗಣ್ಯರು ಎರಡು ತಾಸು ತಡ. ಆ ಹೊತ್ತಿನಲ್ಲಿ ಹುಡುಗರು ಕುರ್ಚಿ ಸಾಲದೆ ಚೀಲದ ನಿಟ್ಟು ಹಚ್ಚಿ ಮೆಟ್ಟಿಲು ಮಾಡಿದರು. ಅದರ ಮೇಲೆ ಕೂತವರಿಗೇ ವೇದಿಕೆ ಚೆನ್ನಾಗಿ ಕಂಡದ್ದು. ಪೇಟ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೇ ತಿಂಗಳ ಬಿಸಿಲಿನಲ್ಲಿ ಒಂದರ ಮೇಲೊಂದು ಆರು ಶಾಲು. ಪಾಪ, ಮುಖ ಕೆಂಪಾಗಿತ್ತು.

ಮಾನಪತ್ರ ನಾನೇ ಓದಿದೆ. "ಮೂವತ್ತೈದು ವರ್ಷಗಳ ಕಾಲ ಅಧ್ಯಕ್ಷರಾಗಿ" ಅನ್ನೋ ಸಾಲಿಗೆ ಬಂದಾಗ ಮಾವ ಮೈಕಿನ ಹತ್ತಿರ ಬಗ್ಗಿ "ಮೂವತ್ಮೂರು" ಅಂದರು. ನಡುವೆ ಎರಡು ವರ್ಷ ಅವರನ್ನು ಎಲೆಕ್ಷನ್‌ನಲ್ಲಿ ಸೋಲಿಸಿದ್ದರು. ಸೋಲಿಸಿದವನು ಕೆಳಗೆ ಎರಡನೇ ಸಾಲಿನಲ್ಲೇ ಕೂತಿದ್ದ. ಎಲ್ಲರೂ ಹೋ ಅಂತ ನಕ್ಕರು. ಅವನೂ ನಕ್ಕ, ಎದ್ದು ಕೈ ಮುಗಿದ. ನಾನು ಮೂವತ್ಮೂರು ಅಂತ ತಿದ್ದಿ ಓದಿದೆ. ಫ್ರೇಮಿನೊಳಗೆ ಮಾತ್ರ ಮೂವತ್ತೈದೇ ಉಳಿದಿದೆ.

ಕಾರ್ಯಕ್ರಮ ಮುಗಿದಮೇಲೆ ಹುಡುಕಿದರೆ ಮನುಷ್ಯ ವೇದಿಕೆಯ ಮೇಲೆ ಇಲ್ಲ. ಹಿಂದೆ ಶಾಮಿಯಾನದವನ ಜೊತೆ ನಿಂತು ಕುರ್ಚಿ ಎಣಿಸುತ್ತಿದ್ದರು. ನೂರೈವತ್ತಕ್ಕೆ ಬಿಲ್ಲು ಮಾಡಿದ್ದನಂತೆ, ಬಂದದ್ದು ನೂರಾ ನಲವತ್ತೆರಡು. ಪೇಟ ಇನ್ನೂ ತಲೆ ಮೇಲೆಯೇ ಇತ್ತು. ನನ್ನನ್ನು ನೋಡಿ ಕೇಳಿದರು, "ಆ ಫ್ರೇಮಿಗೆ ಎಷ್ಟು ಕೊಟ್ಟಿ?"

"ಸಾವಿರದ ನೂರೈವತ್ತು ಮಾವ."

"ಬರ್ಕೊಂಡಿಯೇನು?"

ಬರೆದುಕೊಂಡಿರಲಿಲ್ಲ. ಅಲ್ಲೇ ನಿಂತು ಬರೆದೆ.

ಮನೆಗೆ ಬಿಡಲು ಆಟೊ ಮಾಡಿದೆವು. ನಡುವೆ ಮಾವ, ಈ ಕಡೆ ನಾನು, ಆ ಕಡೆ ಅಮ್ಮ. ಫ್ರೇಮು ಮಾವನ ತೊಡೆಯ ಮೇಲೆ, ಶಾಲುಗಳೆಲ್ಲ ನನ್ನ ಮಡಿಲಲ್ಲಿ. ಫ್ರೇಮು ಎಷ್ಟು ಅಗಲ ಇತ್ತೆಂದರೆ ಅರ್ಧ ಆಟೊದಿಂದ ಹೊರಗೆ. ಮಾವ ಅದನ್ನು ಒಂದು ಕೈಯಿಂದ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿ, "ನಾಲ್ಕು ಕೆಜಿ. ಮ್ಯಾಲೆ ಒಂದು ನೂರು ಗ್ರಾಂ" ಅಂದರು. ಅವರ ಓಣಿಯೊಳಗೆ ಆಟೊ ಹೋಗುವುದಿಲ್ಲ. ಬಾಯಲ್ಲೇ ನಿಂತಿತು. ಅಮ್ಮ ಮೊದಲು ಇಳಿದು ಫ್ರೇಮಿಗೆ ಕೈ ಹಚ್ಚಿದಳು.

"ಅಣ್ಣಾ, ಮನಿತನಕ ಹಮಾಲಿ ಎಷ್ಟು ಕೊಡ್ತಿ?"

"ಗಾಜಿನ ಮಾಲು ಐತಿ ತಂಗಿ. ಡಬಲ್ ತಗೋ."